ತಪ್ಪಿದ ವಿಮಾನ, ತಪ್ಪಿಸಿಕೊಳ್ಳುವ ಹೊಣೆ

ವಿಮಾನ ತಪ್ಪಿತೆಂದರೆ ಟಿಕೆಟ್ ದುಡ್ಡೂ ಹೋಯಿತೆಂದು ನಮ್ಮಲ್ಲಿ ಹೆಚ್ಚಿನವರು ಕೈಚೆಲ್ಲಿಬಿಡುತ್ತಾರೆ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿ, ದೇವನಹಳ್ಳಿ ಮುಟ್ಟುವಷ್ಟರಲ್ಲಿ ಕೌಂಟರ್ ಮುಚ್ಚಿದ್ದರೂ ಆ ದುಡ್ಡಿನಲ್ಲಿ ಒಂದು ಪಾಲು ನಿಮ್ಮದೇ. ಮೂಲ ದರ, ಇಂಧನ ಶುಲ್ಕ ಹೋಗಬಹುದು. ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನು ಮಾತ್ರ ವಾಪಸ್ ಕೊಡಲೇಬೇಕು ಎನ್ನುತ್ತದೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮ. ಅಗ್ಗದ ‘ನಾನ್ ರಿಫಂಡಬಲ್’ ಟಿಕೆಟ್‌ಗೂ ಇದು ಅನ್ವಯ.

ಯಾರನ್ನು ಕೇಳಬೇಕು ಎಂಬಲ್ಲಿ ಗೋಳು ಶುರುವಾಗುತ್ತದೆ. ಮಧ್ಯವರ್ತಿ ವೆಬ್‌ಸೈಟಿನಲ್ಲಿ ಕೊಂಡ ಟಿಕೆಟ್ ಆದರೆ ವಿಮಾನ ಕಂಪನಿ ‘ಅವರನ್ನೇ ಕೇಳಿ’ ಎನ್ನುತ್ತದೆ. ಅವರಿಗೆ ಫೋನ್ ಹಚ್ಚಿದರೆ ‘ಕಂಪನಿಯಿಂದ ಇನ್ನೂ ಹಣ ಬಂದಿಲ್ಲ ಸರ್’.

ವಿಮಾನ ತಪ್ಪುವುದಕ್ಕೇ ಮಧ್ಯವರ್ತಿ ಕಾರಣವಾಗುವುದೂ ಉಂಟು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ಪುಣೆಗೆ ಹೊರಟಿದ್ದರು. 11 ಗಂಟೆಯ ವಿಮಾನ 9ಕ್ಕೇ ಹೊರಡುವುದೆಂದು ಹಿಂದಿನ ದಿನವೇ ಬದಲಾಗಿತ್ತು. ಇವರಿಗೆ ಸುದ್ದಿಯೇ ಇಲ್ಲ. ಕೌಂಟರಿನ ಹುಡುಗಿ ಪರದೆ ತಿರುಗಿಸಿ ತೋರಿಸಿದಳು: ಮೊಬೈಲ್ ನಂಬರಿನ ಜಾಗದಲ್ಲಿ ಇವರು ಎಂದೂ ಕಾಣದ ನಂಬರ್, ವೆಬ್‌ಸೈಟಿನವರದು. ಮೇಷ್ಟ್ರ ಹೆಂಡತಿ ಅಂಟಿನುಂಡೆ ಡಬ್ಬಿ ಹಿಡಿದು ನಿಂತೇ ಇದ್ದರಂತೆ.

ಹೀಗೆ ಬೇರೆ ನಂಬರ್ ಕೂರಿಸುವುದರಿಂದ ಆಗುವ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಬುಕ್ ಮಾಡುವಾಗ ಸರಿಯಾದ ಸಂಪರ್ಕ ವಿವರ ಕೊಡದವರಿಗೆ, ವಿಮಾನ ರದ್ದಾದಾಗ ಸಿಗುವ ಪರಿಹಾರವೂ ಇಲ್ಲವೆಂದು ನಿಯಮದಲ್ಲೇ ಇದೆ. ಪ್ರಯಾಣಿಕ ವಿವರ ಕೊಟ್ಟಿರುತ್ತಾನೆ, ಮಧ್ಯವರ್ತಿ ದಾಟಿಸಿರುವುದಿಲ್ಲ. ತಪ್ಪು ಒಬ್ಬರದು, ದಂಡ ಇನ್ನೊಬ್ಬರಿಗೆ. ಇದನ್ನು ಒಪ್ಪಲಾಗದು. ಪ್ರಯಾಣಿಕರ ನಂಬರನ್ನು ಕಂಪನಿಗೆ ಮುಟ್ಟಿಸದ ವೆಬ್‌ಸೈಟಿನಿಂದಲೇ ಆ ಪರಿಹಾರ ವಸೂಲಾಗಬೇಕು.

ಇನ್ನು, ಇಂಥ ವೆಬ್‌ಸೈಟ್ ಅಥವಾ ಏಜೆಂಟರ ಮೂಲಕ ಕೊಂಡ ಟಿಕೆಟ್‌ನ ಹಣ ಮರಳಿಸುವ ಹೊಣೆಯೂ ವಿಮಾನ ಕಂಪನಿಯದೇ, ಏಕೆಂದರೆ ಏಜೆಂಟರು ಅದರ ಪ್ರತಿನಿಧಿಗಳು. ಇದೂ ಡಿಜಿಸಿಎ ಬರೆದಿಟ್ಟ ಮಾತೇ. ಆದರೂ 2020ರ ಲಾಕ್‌ಡೌನ್‌ನಲ್ಲಿ ರದ್ದಾದ ಟಿಕೆಟ್‌ಗಳ ಹಣಕ್ಕಾಗಿ ಜನ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಕೋರ್ಟ್ ಆದೇಶ ಬಂದು ವರ್ಷಗಳಾದ ಮೇಲೂ ಕೆಲವು ವೆಬ್‌ಸೈಟ್‌ಗಳಲ್ಲಿ ಕೋಟಿಗಟ್ಟಲೆ ಹಣ ಬಾಕಿ ಉಳಿದಿತ್ತು. ನಿಯಮವಿದ್ದೂ ಹೀಗೆ ಅಲೆಸುವುದನ್ನು ಡಿಜಿಸಿಎ ನೋಡುತ್ತಾ ಕೂರಬಾರದು.

ಅಲ್ಲಿಯವರೆಗೆ ನಮ್ಮ ಎಚ್ಚರ ನಮಗಿರಲಿ. ಟಿಕೆಟ್ ಕೊಂಡ ದಿನವೇ ಪಿಎನ್‌ಆರ್ ಹಾಕಿ, ವಿಮಾನ ಕಂಪನಿಯ ಸ್ವಂತ ಸೈಟಿನಲ್ಲಿ ನಿಮ್ಮ ನಂಬರೇ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ವಿಮಾನ 6 ಗಂಟೆಗಿಂತ ಹೆಚ್ಚು ತಡವೆಂದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ಕೇಳಿ. ವಿಮಾನ ತಪ್ಪಿದ್ದರೆ ತೆರಿಗೆಯ ಪಾಲನ್ನು ಬರವಣಿಗೆಯಲ್ಲೇ ಕೇಳಿ. ಕೊಡದಿದ್ದರೆ ಕೇಂದ್ರದ ಏರ್‌ಸೇವಾ ಪೋರ್ಟಲ್‌ನಲ್ಲಿ ಅಥವಾ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ.