ಪಿಕಪ್ಪಿನ ಮೇಲೆ ಮನೆ ಕಟ್ಟಬೇಡಿ

ಹಳೇ ಪಿಕಪ್ ಒಂದನ್ನು ಅಗ್ಗಕ್ಕೆ ಕೊಂಡು, ಅದರ ಬೆನ್ನ ಮೇಲೆ ಪುಟ್ಟ ಮನೆ ಕಟ್ಟಿಕೊಂಡು ಊರೂರು ಸುತ್ತುವ ಕನಸು ಈಗ ಕಾಲೇಜು ಹುಡುಗರಿಗೆಲ್ಲ ಬೀಳುತ್ತಿದೆ. ಕನಸಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಮನೆಯ ಬಗ್ಗೆ.

ನನಗೆ ಗೊತ್ತಿರುವ ಮೂವರು ಗೆಳೆಯರು ಹೀಗೇ ದುಡ್ಡು ಕೂಡಿಸಿ, ಟೊಮೆಟೊ ಸಾಗಿಸಿ ಸುಸ್ತಾಗಿದ್ದ ಪಿಕಪ್ ಕೊಂಡರು. ಗಾಡಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕಬ್ಬಿಣದ ಚೌಕಟ್ಟಿಗೆ, ಪ್ಲೈವುಡ್ ಗೋಡೆಗೆ, ಸೋಲಾರಿಗೆ, ಪುಟಾಣಿ ಫ್ರಿಜ್ಜಿಗೆ ಹೋಯಿತು. ಬ್ರೇಕು ನೋಡಿಸಲು, ಟೈರು ಬದಲಿಸಲು ಕಾಸು ಉಳಿಯಲಿಲ್ಲ. ಎಂಟು ತಿಂಗಳು ಗಾಡಿ ಒಬ್ಬನ ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತಿತ್ತು. ಇದಕ್ಕೆ ಅವರಿಟ್ಟ ಹೆಸರು ಬಜೆಟ್ ಕ್ಯಾಂಪಿಂಗ್.

ಸಾಹಿತ್ಯ ಓದಿಕೊಂಡವರಾದರೆ ಜೊತೆಗೆ ಜಾನ್ ಸ್ಟೈನ್‌ಬೆಕ್‌ನನ್ನೂ ಎಳೆದು ತರುತ್ತಾರೆ. 1960ರಲ್ಲಿ ಚಾರ್ಲಿ ಎಂಬ ನಾಯಿಯೊಂದಿಗೆ ಅಮೆರಿಕ ಸುತ್ತಿದ ಅವನದೂ ಪಿಕಪ್ಪೇ. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನು, ರೋಸಿನಾಂಟೆ ಎಂದು, ಅದಕ್ಕಿಟ್ಟಿದ್ದ. ಆದರೆ ಬಡಕಲಾಗಿದ್ದದ್ದು ಹೆಸರು ಮಾತ್ರ. ಅದು ಹೊಚ್ಚ ಹೊಸ ಜಿಎಂಸಿ ಗಾಡಿ. ಮೇಲೊಂದು ಕೋಣೆ, ಒಳಗೆ ಹಾಸಿಗೆ, ಒಲೆ, ಹೀಟರು, ಫ್ರಿಜ್ಜು. ಐವತ್ತು ವರ್ಷ ಕಳೆದು ಅದೇ ದಾರಿ ಹಿಡಿದು ಹೋದ ಪತ್ರಕರ್ತ ಬಿಲ್ ಸ್ಟೈಗರ್‌ವಾಲ್ಡ್ ತಾಳೆ ಹಾಕಿ ನೋಡಿದರೆ, ಸ್ಟೈನ್‌ಬೆಕ್ ಬಹುಪಾಲು ರಾತ್ರಿ ಮಲಗಿದ್ದು ಹೋಟೆಲು, ಮೋಟೆಲುಗಳಲ್ಲಿ, ಬೇರೆಯವರ ಮನೆಗಳಲ್ಲಿ. ಆ ಪುಸ್ತಕ ನನಗೂ ಇಷ್ಟವೇ. ಬಡಗಿ ಕೆಲಸಕ್ಕೆ ಅದನ್ನು ಕೈಪಿಡಿ ಮಾಡಿಕೊಳ್ಳಬೇಡಿ, ಅಷ್ಟೆ.

ಮಾದರಿ ಬೇಕಿದ್ದರೆ ಸೀಸನ್ನಿನಲ್ಲಿ ಒಂದು ರಾತ್ರಿ ಕೋಲಾರದ ಟೊಮೆಟೊ ಮಾರುಕಟ್ಟೆ ಕಡೆ ಹೋಗಿ ಬನ್ನಿ. ಹರಾಜಿಗೆ ಕಾಯುವ ಚಾಲಕರು ಪಿಕಪ್ಪಿನ ಹಿಂಬದಿಯಲ್ಲಿ ಜಮಖಾನ ಹಾಸಿ ನಿದ್ದೆ ತೆಗೆಯುತ್ತಿರುತ್ತಾರೆ. ಮೇಲೊಂದು ಟಾರ್ಪಾಲು, ಪಕ್ಕದಲ್ಲೊಂದು ನೀರಿನ ಕ್ಯಾನು. ಒಂದು ಮೊಳೆಯನ್ನೂ ಹೊಡೆದಿರುವುದಿಲ್ಲ. ಯಾಕೆಂದರೆ ಬೆಳಗಾದರೆ ಗಾಡಿಗೆ ಬೇರೆ ಲೋಡು ಬೀಳಬೇಕು. ಇವರು ಮಾಡುವುದನ್ನು ಯಾರೂ ಕ್ಯಾಂಪಿಂಗ್ ಅನ್ನುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಗಾಡಿಯಲ್ಲಿ ಮಲಗುವ ವಿದ್ಯೆ ಮಾತ್ರ ಇವರದ್ದೇ.

ಮೊಳೆ ಹೊಡೆಯದಿರುವುದರಲ್ಲಿ ಕಾನೂನಿನ ಲೆಕ್ಕವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಗಾಡಿಗೂ ತಾಳೆಯಾಗದಂತೆ ಮಾಲೀಕ ಅದನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ ಅಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಇಟ್ಟಿತು. ಆರು ತಿಂಗಳವರೆಗೆ ಜೈಲೂ ಆಗಬಹುದು. ದುಡ್ಡಿದ್ದವರ ಕ್ಯಾರವಾನಿಗೆ ಕೆಂಪುಹಾಸು (ಕೇರಳ 2021ರಲ್ಲಿ ಅದಕ್ಕೊಂದು ಯೋಜನೆಯನ್ನೇ ತಂದಿತು), ಹಳೇ ಪಿಕಪ್ಪಿನವನಿಗೆ ದಂಡದ ಚೀಟಿ. ನನಗೂ ಇದು ಉರಿಯುತ್ತದೆ. ಆದರೆ ಘಾಟಿಯ ತಿರುವಿನಲ್ಲಿ ತಲೆಭಾರವಾದ ಗಾಡಿ ಹೇಗೆ ಓಲಾಡುತ್ತದೆಂದು ನೋಡಿದವನು ಆ ಕಾನೂನನ್ನು ಪೂರ್ತಿ ಬೈಯಲಾರ.

ಭಾರದ ಮಾತೇ ಬಂತಲ್ಲ. ಎಂಟಡಿ ನಾಲ್ಕಡಿಯ 12 ಮಿಲಿಮೀಟರ್ ಪ್ಲೈವುಡ್ ಹಲಗೆ ಒಂದೇ ಸುಮಾರು 20 ಕೆಜಿ ತೂಗುತ್ತದೆ. ಮನೆಯ ಇನ್ವರ್ಟರಿಗೆ ಹಾಕುವ 150 ಆಂಪಿಯರ್-ಅವರ್ ಬ್ಯಾಟರಿ 50 ಕೆಜಿ ದಾಟುತ್ತದೆ. ಎರಡು ಫೋನು ಮತ್ತು ಒಂದು ಬಣ್ಣದ ದೀಪದ ಸರಕ್ಕಾಗಿ ಒಬ್ಬ ಮನುಷ್ಯನಷ್ಟು ಭಾರವನ್ನು ಬೆಟ್ಟ ಹತ್ತಿಸುವುದು ಯಾವ ಸರಳ ಬದುಕು? ಅದೂ ಸ್ಪ್ರಿಂಗ್ ಪ್ಲೇಟು ಸವೆದ ಗಾಡಿಯ ಮೇಲೆ.

ಬೇಕಾದದ್ದು ಇಷ್ಟು: ನೆಲಕ್ಕೊಂದು ಹಲಗೆ, ಹಾಸಿಗೆ, ಸೊಳ್ಳೆಪರದೆ, ಎರಡು ಕ್ಯಾನು ನೀರು, ತಗಡಿನ ಟ್ರಂಕು, ಟಾರ್ಪಾಲು, ಹಗ್ಗ. ಎಲ್ಲವೂ ಸಾಮಾನಿನ ಹಾಗೆ ಹತ್ತಬೇಕು, ಸಾಮಾನಿನ ಹಾಗೆ ಇಳಿಯಬೇಕು. ಚಿಕ್ಕದೆಂದು ಮೂಗು ಮುರಿಯುವ ಟಾಟಾ ಏಸ್‌ನಲ್ಲೂ ಏಳಡಿ ಉದ್ದದ ಜಾಗವಿದೆ, ಕಾಲು ಚಾಚಬಹುದು. ಗಾಡಿ ಓಡುವಾಗ ಹಿಂದೆ ಯಾರೂ ಕೂರಬಾರದು. ಉಳಿದ ದುಡ್ಡೆಲ್ಲ ಬ್ರೇಕಿಗೆ, ಟೈರಿಗೆ, ವೈಪರಿಗೆ.

ಮಳೆ ಬಂದರೆ ಏನು ಮಾಡುವುದು ಎಂದು ಕೇಳುತ್ತಾರೆ. ಟಾರ್ಪಾಲನ್ನು ಇಳಿಜಾರಾಗಿ ಕಟ್ಟಿ, ಎರಡು ತುದಿಯಲ್ಲಿ ಗಾಳಿಗೆ ಜಾಗ ಬಿಡಿ. ಪೂರ್ತಿ ಮುಚ್ಚಿದರೆ ನಿಮ್ಮ ಉಸಿರೇ ಬೆಳಗಿನ ಜಾವ ತೊಟ್ಟಿಕ್ಕಿ ಹಾಸಿಗೆ ನೆನೆಯುತ್ತದೆ. ಅದನ್ನು ಸಹಿಸಬಹುದು. ಚಳಿಯೆಂದು ಮುಚ್ಚಿದ ಗೂಡಿನೊಳಗೆ ಇದ್ದಿಲ ಒಲೆಯನ್ನೋ ಗ್ಯಾಸ್ ಒಲೆಯನ್ನೋ ಹಚ್ಚಿಟ್ಟು ಮಲಗಿದರೆ ಎದ್ದೇಳದಿರಬಹುದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಯಾವತ್ತೂ ಗಾಡಿಯಿಂದ ಕೆಳಗೆ. ಇದೊಂದರಲ್ಲಿ ನನ್ನೊಡನೆ ವಾದಕ್ಕಿಳಿಯಬೇಡಿ. ಗಟ್ಟಿ ಗೋಡೆಯ ಮನೆ ಕಟ್ಟಿದವರಿಗೇ ಒಳಗೆ ಒಲೆ ಹಚ್ಚುವ ಆಸೆ ಜಾಸ್ತಿ.

ಆ ಮೂವರು ಹೋದ ತಿಂಗಳು ಚೌಕಟ್ಟನ್ನು ಕತ್ತರಿಸಿ ಗುಜರಿಗೆ ಹಾಕಿದರು. ಬಂದ ದುಡ್ಡಿನಲ್ಲಿ ಎರಡು ಟೈರು ಬದಲಾದವು. ಫ್ರಿಜ್ಜನ್ನು ಒಬ್ಬನ ಅಮ್ಮ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದಾರೆ, ವಾಪಸು ಕೊಡುವ ಅಂದಾಜಿಲ್ಲ. ಶನಿವಾರ ರಾತ್ರಿ ಗಾಡಿ ಅಂತರಗಂಗೆ ಬೆಟ್ಟದ ಬುಡದಲ್ಲಿ ನಿಂತಿತ್ತಂತೆ.