ಥಂಡಿಯ ಲೆಕ್ಕ ಇಡೋರು ಯಾರು?

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಗೀಚಿ. ಪ್ರಾಜೆಕ್ಟ್ ಡೆಡ್‌ಲೈನ್ ಅನ್ನೋ ಹಳೇ ನೆಪ ಇದ್ದೇ ಇದೆ ಬಿಡಿ :-) ಇವತ್ತು ಬರೀಲೇಬೇಕು ಅನ್ನಿಸ್ತು. ವಿಷಯ ಚಳಿ. ನಮ್ಮ ಕಡೆ ಭಾಷೇಲಿ ಹೇಳೋದಾದ್ರೆ ಥಂಡಿ.

ಪ್ರತಿ ವರ್ಷ ಡಿಸೆಂಬರ್ ಹೊತ್ತಿಗೆ ಹವಾಮಾನ ಇಲಾಖೆ ಮೂರು ತಿಂಗಳ ಮುನ್ಸೂಚನೆ ಹೊರಡಿಸುತ್ತೆ. ಅದರಲ್ಲಿ 'ಚಳಿ ಕಡಿಮೆ' ಅಂತಿದ್ರೆ ಟೀವಿಯವರು ಶುಭಸುದ್ದಿ ಥರ ಓದ್ತಾರೆ. ಬೆಂಗಳೂರಲ್ಲಿ ಕೂತ ನಮಗೂ ಹಾಗೇ ಅನ್ಸುತ್ತೆ. ಬೆಳಗ್ಗೆ ಬೈಕಲ್ಲಿ ಹೋಗುವಾಗ ಕೈ ಮರಗಟ್ಟೋದಿಲ್ಲ, ಅಷ್ಟೇ ತಾನೇ? ಆದ್ರೆ ಅದೇ ಸುದ್ದೀನ ಜಮಖಂಡಿ, ಮುಧೋಳ, ಬೀಳಗಿ ಕಡೆ ಯಾವುದಾದ್ರೂ ಹೊಲದ ಬದುವಿನ ಮೇಲೆ ನಿಂತು ಓದಿ ನೋಡಿ. "ಈ ವರ್ಷ ಮಳೆ ಕಡಿಮೆ" ಅಂದಷ್ಟೇ ಕೆಟ್ಟದಾಗಿ ಕೇಳಿಸುತ್ತೆ.

ನಮ್ಮೂರು ಬೀಳಗಿ ತಾಲ್ಲೂಕಿನದು. ಕೆಳಗಿನ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಯ್ತು. ಉಳಿದದ್ದು ಮೇಲಿನ ಎರಿ ಹೊಲ, ಒಂದು ಬೋರು. ಎರಿ ಅಂದ್ರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಕುಡಿದ ನೀರನ್ನ ಇದು ಬ್ಯಾಂಕಲ್ಲಿಟ್ಟ ಹಾಗೆ ಇಟ್ಕೊಂಡಿರುತ್ತೆ. ಹಿಂಗಾರಿ ಬಿಳಿಜೋಳ, ಕಡಲೆ ಬೆಳೆಯೋದು ಆ ಡಿಪಾಸಿಟ್ ಮೇಲೇ. ಮೇಲಿಂದ ಮಳೆ ಬಂದ್ರೂ ಬಂತು, ಬರದಿದ್ರೂ ಇಲ್ಲ. ಥಂಡಿ ಇದ್ರೆ ಆ ತೇವ ನಿಧಾನವಾಗಿ ಖರ್ಚಾಗುತ್ತೆ, ಸೆಕೆ ಇದ್ರೆ ಬೇಗ ಮುಗಿದು ನೆಲ ಬಿರುಕು ಬಿಡುತ್ತೆ. ಗೋಧಿಗಂತೂ ತೆಂಡೆ ಒಡೆಯೋಕೂ ತಂಪು ಬೇಕು, ಕಾಳು ತುಂಬೋಕೂ ತಂಪು ಬೇಕು. ಮುಧೋಳ, ಜಮಖಂಡಿ ಕಡೆ ಕಬ್ಬಿನಲ್ಲಿ ಸಕ್ಕರೆ ಅಂಶ ಏರೋದೂ ಒಣ ಹವೆ, ತಣ್ಣನೆ ರಾತ್ರಿ ಇದ್ದಾಗಲೇ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ನಿಂತು ಯಾರನ್ನ ಬೇಕಾದ್ರೂ ಕೇಳಿ. ಒಟ್ಟಿನಲ್ಲಿ ನಮ್ಮ ಕಡೆ ಥಂಡಿ ಅನ್ನೋದು ಬರೀ ಹವೆ ಅಲ್ಲ. ಬೀಜ, ಗೊಬ್ಬರ, ನೀರಿನ ಸಾಲಿನಲ್ಲಿ ನಿಲ್ಲೋ ಮತ್ತೊಂದು ವಸ್ತು. ದುಡ್ಡು ಕೊಟ್ಟು ತರೋಕಾಗದ ವಸ್ತು.

ಈಗ ನನ್ನ ತಪ್ಪಿನ ಕಥೆ.

2024ರ ನವೆಂಬರ್. ಗೋವಿನಜೋಳ ಕಿತ್ತು ಹೊಲ ಖಾಲಿ ಆಗೋದು ತಡ ಆಗಿತ್ತು. ಅಪ್ಪ ಫೋನ್ ಮಾಡಿದ್ರು. "ತಮ್ಮಾ, ಅಲ್ಲೆ ನಿನ್ನ ಕಂಪ್ಯೂಟರಿನ್ಯಾಗ ನೋಡಿ ಹೇಳಪಾ, ಈ ಸಲ ಥಂಡಿ ಹೆಂಗೈತಿ? ತಡಾ ಆಗೇತಿ, ಗೋಧಿ ಬಿತ್ತಲೋ ಬ್ಯಾಡೋ?"

ಆಗ ಎಲ್ಲೆಲ್ಲೂ ಲಾ ನೀನಾದ್ದೇ ಮಾತು. ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ಮಾಮೂಲಿಗಿಂತ ತಣ್ಣಗಾಗೋದಕ್ಕೆ ಆ ಹೆಸರು. ಹಾಗಾದ ವರ್ಷ ಉತ್ತರ ಭಾರತದಲ್ಲಿ ಚಳಿ ಜೋರು ಅನ್ನೋ ನಂಬಿಕೆ ಇದೆ. ಸೆಪ್ಟೆಂಬರ್‌ನಲ್ಲಿ ವಿಶ್ವ ಹವಾಮಾನ ಸಂಸ್ಥೆ, ವರ್ಷದ ಕೊನೆ ಹೊತ್ತಿಗೆ ಲಾ ನೀನಾ ಬರೋ ಸಾಧ್ಯತೆ ಶೇ. 60 ಅಂದಿತ್ತು. ನಮ್ಮ ಪತ್ರಿಕೆ, ಚಾನೆಲ್‌ಗಳಲ್ಲಿ ಆ ಶೇ. 60 ಹೋಗಿ 'ಈ ಸಲ ಮೈ ಕೊರೆಯುವ ಚಳಿ' ಅಂತ ಆಗಿತ್ತು. ನಾನೂ ಅದನ್ನೇ ನಂಬಿದೆ. ಇಂಜಿನಿಯರಿಂಗ್ ಓದಿದವನು, ಶೇ. 60 ಅಂದ್ರೆ ಶೇ. 40 ಉಲ್ಟಾ ಅಂತ ಗೊತ್ತಿರಬೇಕಾದವನು! "ಬಿತ್ರಿ ಅಪ್ಪಾ, ಈಗ ಸ್ವಲ್ಪ ಸೆಕಿ ಇದ್ರೂ ಮುಂದ ಗಟ್ಟಿ ಥಂಡಿ ಬರತೈತಿ" ಅಂದುಬಿಟ್ಟೆ. ಅಪ್ಪ ತಿಂಗಳ ಕೊನೆಗೆ ಬಿತ್ತಿದ್ರು.

ಡಿಸೆಂಬರ್ ಶುರುವಿಗೆ ಹವಾಮಾನ ಇಲಾಖೆಯ ಮುನ್ಸೂಚನೆ ಬಂತು. ದೇಶದ ಬಹುಪಾಲು ಕಡೆ ರಾತ್ರಿಯ ಉಷ್ಣಾಂಶ ಮಾಮೂಲಿಗಿಂತ ಜಾಸ್ತಿ, ಶೀತಗಾಳಿಯ ದಿನಗಳು ಕಡಿಮೆ ಅಂತ. ಓದಿ ಎದೆ ಧಸಕ್ಕೆಂದಿತು. ಅಪ್ಪನಿಗೆ ಫೋನ್ ಮಾಡಿ ಹೇಳಲಿಲ್ಲ. ಬಿತ್ತಿ ಆಗಿದೆ, ಈಗ ಹೇಳಿ ಏನು ಪ್ರಯೋಜನ ಅಂತ ನನಗೆ ನಾನೇ ಸಮಾಧಾನ ಮಾಡ್ಕೊಂಡೆ. ಅದೇ ಹೊತ್ತಿಗೆ ಫೆಂಗಲ್ ಚಂಡಮಾರುತ ನವೆಂಬರ್ 30ರಂದು ಪುದುಚೇರಿ ಹತ್ತಿರ ದಡ ದಾಟಿತ್ತು. ಇಲ್ಲಿ ಬೆಂಗಳೂರಲ್ಲಿ ಜಿಟಿಜಿಟಿ ಮಳೆ. ಊರಲ್ಲಿ "ಬರೇ ಮಾಡ ಕವದೈತಿ" ಅಂತಿದ್ರು ಅಪ್ಪ. ನೆಲ ಹಗಲಲ್ಲಿ ಹೀರಿದ ಬಿಸಿ ರಾತ್ರಿ ಮೇಲಕ್ಕೆ ಹೋಗಬೇಕಾದ್ರೆ ಆಕಾಶ ತೆರೆದಿರಬೇಕು. ಮೋಡ ಇದ್ರೆ ಊರ ಮೇಲೆ ಕೌದಿ ಹೊದಿಸಿದ ಹಾಗೆ, ಥಂಡಿ ಬೀಳಲ್ಲ.

ಡಿಸೆಂಬರ್ ನಡುವಿಗೆ ಆಕಾಶ ತೆರೀತು. ಉತ್ತರ ಒಳನಾಡಿಗೆ ಶೀತಗಾಳಿಯ ಎಚ್ಚರಿಕೆಯೂ ಬಂತು. ಅಪ್ಪನ ದನಿಯಲ್ಲಿ ಖುಷಿ. "ಥಂಡಿ ಬಿತ್ತ ನೋಡ ತಮ್ಮಾ, ನೀ ಹೇಳಿದಂಗ ಆತು!" ನನಗೂ ನಾನೇ ತರಿಸಿದ ಥಂಡಿ ಅನ್ನೋ ಹಾಗೆ ಹೆಮ್ಮೆ. ಆಫೀಸಿನ ಕಾಲ್‌ನಲ್ಲಿ ಅಮೆರಿಕದ ಸಹೋದ್ಯೋಗಿಯೊಬ್ಬ "ಇಲ್ಲಿನ್ನೂ ಬೆಚ್ಚಗಿದೆ, ಹಿಮ ಯಾವಾಗ ಬೀಳುತ್ತೋ" ಅಂತ ಕೊರಗ್ತಿದ್ದ. ಮಕ್ಕಳಿಗೆ ಜಾರುಬಂಡಿ ತಂದಿಟ್ಟಿದ್ದಾನಂತೆ. ನಮ್ಮಪ್ಪನೂ ಕಾಯ್ತಿದ್ರು ಮಾರಾಯಾ, ನಮ್ಮ ಕಡೆ ಹಿಮ ಅಂದ್ರೆ ಕಡಲೆ ಗಿಡದ ಮೇಲಿನ ಇಬ್ಬನಿ ಅಷ್ಟೇ ಅಂದೆ. ಬೆಳಗಿನ ಜಾವ ಬಿಳಿ ಬಟ್ಟೆ ಹಾಸಿ, ಇಬ್ಬನಿಯಲ್ಲಿ ಇಳಿದ ಕಡಲೆ ಹುಳಿ ಹಿಂಡಿಕೊಳ್ಳೋ ಕಥೆ ಅವನಿಗೆ ಅರ್ಥ ಮಾಡಿಸೋಕೆ ಹತ್ತು ನಿಮಿಷ ಬೇಕಾಯ್ತು :-)

ಆದ್ರೆ ಖುಷಿ ಅಲ್ಲಿಗೇ ನಿಂತಿತು. ಲಾ ನೀನಾ ಬಂತು ಅಂತ ಅಮೆರಿಕದ ಸಂಸ್ಥೆ ಘೋಷಿಸಿದ್ದೇ 2025ರ ಜನವರಿಯಲ್ಲಿ, ಅದೂ ಬಡಕಲು ಲಾ ನೀನಾ. ಆ ಫೆಬ್ರವರಿ 1901ರಿಂದೀಚೆಗೆ ದೇಶ ಕಂಡ ಅತಿ ಬಿಸಿ ಫೆಬ್ರವರಿ ಆಯ್ತು. ಅದಕ್ಕೂ ಹಿಂದೆ, 2024 ಇಡೀ ವರ್ಷವೇ 1901ರಿಂದ ಅತಿ ಬಿಸಿಯದ್ದು, ಸರಾಸರಿಗಿಂತ 0.65 ಡಿಗ್ರಿ ಜಾಸ್ತಿ. ನಮ್ಮ ತಡ ಗೋಧಿ ಕಾಳು ಕಟ್ಟೋ ಹೊತ್ತಿಗೆ ಸರಿಯಾಗಿ ಬಿಸಿಲು ಬಡೀತು. ಕಾಳು ಸಣ್ಣಗೆ, ಮುರುಟಿಕೊಂಡು ಬಂತು. ಒಮ್ಮೆ ಊರಿಗೆ ಹೋದಾಗ ಅಪ್ಪ ಒಂದು ಹಿಡಿ ಕಾಳು ನನ್ನ ಅಂಗೈಗೆ ಸುರಿದ್ರು, ಏನೂ ಅನ್ನಲಿಲ್ಲ. ನಾನೇ ಬಾಯಿಬಿಟ್ಟು ನನ್ನ ಮಾತು ಕೇಳಿ ಹಿಂಗಾಯ್ತು ಅಂದೆ. "ನೀ ಹೇಳಿದಿ ಅಂತ ಬಿತ್ತಲಿಲ್ಲಪಾ, ಹೊಲಾ ಖಾಲಿ ಬಿಡಬಾರದು ಅಂತ ಬಿತ್ತಿದೆ" ಅಂದ್ರು. ಅದು ನಿಜವೋ, ನನ್ನ ಮುಖ ನೋಡಿ ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ.

ಇದು ಬರೀ ನಮ್ಮ ಹೊಲದ ಗೋಳಲ್ಲ. 2022ರ ಮಾರ್ಚ್‌ನಲ್ಲಿ ಉತ್ತರ ಭಾರತದಲ್ಲಿ ಹೀಗೇ ಬಿಸಿಲು ಬಡಿದು ಗೋಧಿ ಸೊರಗಿತು, ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಥಂಡಿ ಬೇಗ ಹೋದ್ರೆ ಜಗತ್ತಿನ ಮಾರುಕಟ್ಟೆ ತನಕ ಅದು ಮುಟ್ಟುತ್ತೆ.

ನನ್ನ ತಕರಾರು ಮುನ್ಸೂಚನೆ ಸುಳ್ಳಾಯ್ತು ಅಂತಲ್ಲ. ನೋಡಿದ್ರೆ ಇಲಾಖೆ ಹೇಳಿದ್ದೇ ಹತ್ತಿರ ಇತ್ತು, ಹಾರಾಡಿದ್ದು ನಮ್ಮ ಆಸೆ. ನನ್ನ ತಕರಾರು ಬೇರೆ. ಮೂರು ತಿಂಗಳ ಸರಾಸರಿ ಇಟ್ಕೊಂಡು ರೈತ ಏನು ಮಾಡಬೇಕು? ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥ ಆಗುತ್ತೆ. ಸರ್ವರ್‌ನ ಸರಾಸರಿ ವೇಗ ಚೆನ್ನಾಗಿದೆ ಅಂತ ನಾವು ವರದಿ ಕೊಡ್ತೀವಿ, ಗಿರಾಕಿ ಬೈಯೋದು ಆ ಒಂದು ಗಂಟೆ ನಿಂತುಹೋಗಿದ್ದಕ್ಕೆ. ಗೋಧಿಗೂ ಹಾಗೇ, ಬೇಕಾದ ಎರಡು ವಾರ ಥಂಡಿ ಇರಲಿಲ್ಲ ಅಂದ್ರೆ ಸರಾಸರಿ ತಗೊಂಡು ಏನು ಉಪ್ಪಿನಕಾಯಿ ಹಾಕೋದಾ?

ಮಳೆಯ ಲೆಕ್ಕ ನಾವು ಚೆನ್ನಾಗಿ ಇಡ್ತೀವಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದು ಮಳೆ ಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಇಟ್ಟಿದೆ. ಆಲಮಟ್ಟಿಯಲ್ಲಿ 519.60 ಮೀಟರ್‌ಗೆ ಎಷ್ಟು ಬಾಕಿ ಅಂತ ನಮ್ಮೂರ ಚಾದಂಗಡಿಯ ಹುಡುಗನೂ ಹೇಳ್ತಾನೆ. ಆದ್ರೆ ಈ ಡಿಸೆಂಬರ್‌ನಲ್ಲಿ ಎಷ್ಟು ರಾತ್ರಿ 15 ಡಿಗ್ರಿಗಿಂತ ಕೆಳಗಿತ್ತು ಅಂದ್ರೆ ಯಾರಿಗೂ ಗೊತ್ತಿಲ್ಲ. ಥಂಡಿ ಸುದ್ದಿ ಆಗೋದು ಶೀತಗಾಳಿ ಬಂದ್ರೆ ಮಾತ್ರ. ಬಯಲುಸೀಮೆಯಲ್ಲಿ ಅದಕ್ಕೆ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಳೀಬೇಕು, ಮಾಮೂಲಿಗಿಂತ 4.5 ಡಿಗ್ರಿಯಾದ್ರೂ ಕಡಿಮೆ ಇರಬೇಕು. ಬಾರದ ಥಂಡಿಗೆ ಅಂಥ ಹೆಸರೂ ಇಲ್ಲ, ಎಚ್ಚರಿಕೆಯೂ ಇಲ್ಲ. ಇದಕ್ಕೆ ಹೊಸ ಯಂತ್ರ ಬೇಡ, ಹೋಬಳಿ ಕೇಂದ್ರಗಳಲ್ಲಿ ಅಂಕಿ ಆಗಲೇ ದಾಖಲಾಗ್ತಿದೆ. ಜಲಾಶಯದ ಮಟ್ಟದ ಪಕ್ಕದಲ್ಲಿ ಹೋಬಳಿಯ ರಾತ್ರಿ ಉಷ್ಣಾಂಶವನ್ನೂ ಹಾಕಿ, ಹತ್ತು ವರ್ಷದ ಇದೇ ವಾರದ ಜೊತೆ ಹೋಲಿಸಿ ಅನ್ನೋದಷ್ಟೇ ನನ್ನ ಬೇಡಿಕೆ. ಹಿನ್ನೀರು ಬಂದ ಮೇಲೆ ಥಂಡಿ ಕಮ್ಮಿ ಆಯ್ತು ಅಂತ ಊರಲ್ಲಿ ಹೇಳ್ತಾರೆ. ನೀರಿನ ದಂಡೆಯಲ್ಲಿ ಸ್ವಲ್ಪ ಹಾಗೆ ಆಗಲೂಬಹುದು. ಆದ್ರೆ ದೇಶಕ್ಕೆ ದೇಶವೇ ಕಾದ ವರ್ಷದ ತಪ್ಪನ್ನ ಹಿನ್ನೀರಿನ ತಲೆಗೆ ಕಟ್ಟೋಕಾಗಲ್ಲ. ಲೆಕ್ಕ ಇದ್ರೆ ಈ ಜಗಳವಾದ್ರೂ ಬಗೆಹರಿಯುತ್ತೆ.

ಇಷ್ಟೆಲ್ಲ ಬನಹಟ್ಟಿಯಲ್ಲಿರೋ ನಮ್ಮ ಅತ್ತೆ ಹತ್ರ ಹೇಳಿದೆ. ಅವರದ್ದು ಮಗ್ಗದ ಮನೆ. ನಕ್ಕುಬಿಟ್ರು. "ನಿಮ್ಮಪ್ಪಗ ಥಂಡಿ ಬೇಕೋ ಮಾರಾಯಾ, ನಮಗ ಬ್ಯಾಡ. ಒಣ ಥಂಡಿಗೆ ನೂಲು ಪಟ್ ಪಟ್ ಹರಿತೈತಿ. ಕಬ್ಬು ಕಡಿಯಾಕ ಬಂದವರು ಗುಡಿಸಲದಾಗ ಸಣ್ಣ ಕೂಸು ಇಟಗೊಂಡು ಮಲಗತಾರ, ಅವರನ್ನ ಕೇಳೀ ಏನ?"

ಕೇಳಿರಲಿಲ್ಲ. ನಾನು ಥಂಡಿ ಬರಲಿ ಬರಲಿ ಅಂತ ಹಾರೈಸುವಾಗ ಆ ಗುಡಿಸಲು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆದ್ರೂ ಯೋಚಿಸಿದಷ್ಟೂ ಅತ್ತೆಯ ಮಾತು ನನ್ನ ವಾದವನ್ನ ಗಟ್ಟಿ ಮಾಡುತ್ತೆ ಅನ್ಸುತ್ತೆ. ಯಾವ ರಾತ್ರಿ ಎಷ್ಟು ಇಳಿಯುತ್ತೆ ಅಂತ ಹೋಬಳಿ ಮಟ್ಟದಲ್ಲಿ ಗೊತ್ತಿದ್ರೆ ಕಾರ್ಖಾನೆಯವರು ಕಬ್ಬು ಕಡಿಯೋರಿಗೆ ಕಂಬಳಿಯನ್ನ ಹೊತ್ತಿಗೆ ಮೊದಲೇ ಹಂಚಬಹುದಲ್ಲ. ಥಂಡಿ ಬೇಕು ಅನ್ನೋನೂ ಬೇಡ ಅನ್ನೋಳೂ ಕಾಯ್ತಿರೋದು ಅದೇ ಒಂದು ಅಂಕಿಗೆ.

ಹೋದ ಸಲ ಊರಿಗೆ ಹೋದಾಗ ಒಂದು ಉಷ್ಣಮಾಪಕ ಕೊಟ್ಟು ಬಂದೆ. ಅಪ್ಪ ಅದನ್ನ ದನದ ಕೊಟ್ಟಿಗೆಯ ಹೊರಗೆ, ನೆರಳಲ್ಲಿ ತೂಗು ಹಾಕಿದ್ದಾರೆ. ಬೆಳಗ್ಗೆ ಹಾಲು ಹಿಂಡೋಕೆ ಮುಂಚೆ ನೋಡಿ ಗೋಡೆ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ಸಿಲಿಂದ ಬರೀತಾರೆ. ಈಗ ಫೋನಲ್ಲಿ "ಥಂಡಿ ಯಾವಾಗ ಬರತೈತಿ" ಅಂತ ನನ್ನ ಕೇಳಲ್ಲ. ಅವರೇ ನನಗೆ ಅಂಕಿ ಓದಿ ಹೇಳ್ತಾರೆ, ನಾನು ಬರ್ಕೋತೀನಿ.

ನಿಮ್ಮೂರ ಕಡೆ ಹೇಗೆ? ಹೊಲದ ನಂಟಿರೋ ಬ್ಲಾಗ್ ಗೆಳೆಯರು ಯಾರಾದ್ರೂ ಇದ್ರೆ, ನಿಮ್ಮ ಮನೆಯಲ್ಲಿ ಥಂಡಿಯ ಲೆಕ್ಕ ಇಡ್ತಾರಾ ಹೇಳಿ. ಎರಡು ಊರಿನ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡೋ ಆಸೆ ಇದೆ.