ಕ್ರೌಡು, ಕ್ರಷ್ಷು ಮತ್ತು ನಮ್ಮ ಗರ್ದಿ

ದಹಿಸರ್‌ನಲ್ಲಿ ಇಂಗ್ಲಿಷ್ ಕ್ಲಾಸುಗಳಿಗೇನೂ ಬರವಿಲ್ಲ. ನಮ್ಮ ಬಿಲ್ಡಿಂಗಿನ ಮಕ್ಕಳು ಅಲ್ಲಿಂದ ತರೋ ಪದಗಳ ಪಟ್ಟಿ ಆಗಾಗ ಕಣ್ಣಿಗೆ ಬೀಳುತ್ತೆ. ಈಚಿನದು ಶಕ್ತಿ, ಜನಸಂದಣಿ, ಓಡಾಟಕ್ಕೆ ಸಂಬಂಧಿಸಿದ್ದು. ಕ್ರೌಡ್, ಥ್ರಾಂಗ್, ಮಾಬ್, ಸರ್ಜ್, ಕ್ರಷ್, ಸ್ಟಾಂಪೀಡ್... ಎದುರಿಗೆ ಬರೆದ ಅರ್ಥ ಮಾತ್ರ ಹೆಚ್ಚೂಕಡಿಮೆ ಎಲ್ಲಕ್ಕೂ ಒಂದೇ, ಭೀಡ್! ಹೀಗೆ ಬಾಯಿಪಾಠ ಮಾಡಿಸೋದು ನನಗಂತೂ ಸರಿ ಕಾಣೋಲ್ಲ. ಅದೂ ದಹಿಸರ್‌ನಲ್ಲಿ ಕೂತು!

ಪಶ್ಚಿಮ ರೈಲ್ವೆಯಲ್ಲಿ ಮುಂಬಯಿ ಪಾಲಿಕೆಯ ಗಡಿಯೊಳಗಿನ ಕೊನೇ ಸ್ಟೇಷನ್ ನಮ್ಮದು. ಮುಂದಿನ ಮೀರಾ ರೋಡ್ ಠಾಣೆ ಜಿಲ್ಲೆಗೆ ಸೇರಿದ್ದು. ಬೆಳಗಿನ ವಿರಾರ್ ಗಾಡಿ ಇಲ್ಲಿಗೆ ಬರೋ ಹೊತ್ತಿಗೇ ತುಂಬಿ ತುಳುಕ್ತಿರುತ್ತೆ. ಇಲ್ಲಿ ಹತ್ತೋನ ಪಕ್ಕೆಲುಬಿಗೇ ಈ ಪದಗಳ ವ್ಯತ್ಯಾಸ ಗೊತ್ತು. ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಂತ ಜನ ಕ್ರೌಡ್. ಗಾಡಿ ಬಂದಾಗ ಹಿಂದಿನಿಂದ ಅಲೆಯ ಹಾಗೆ ಒತ್ತಿ ಬರುತ್ತಲ್ಲ, ಅದು ಸರ್ಜ್. ಆಗ ನೀವು ನಡೆಯೋದಿಲ್ಲ, ನಿಮ್ಮನ್ನ ಜನ ನಡೆಸ್ತಾರೆ. (ವೋಲ್ಟೇಜು ಏಕಾಏಕಿ ಏರಿ ಫ್ರಿಜ್ಜು ಸುಟ್ಟುಹೋದರೂ ಅದೇ ಸರ್ಜ್!) ಒಳಗೆ ಹೋದ ಮೇಲೆ ಎತ್ತಿದ ಕೈ ಇಳಿಸೋಕಾಗದಿದ್ದರೆ ಕ್ರಷ್. ಇದು ನಾನು ತಮಾಷೆಗೆ ಹೇಳಿದ್ದಲ್ಲ, ರೈಲ್ವೆಯವರೇ ಬಳಸೋ ಮಾತು ‘ಸೂಪರ್ ಡೆನ್ಸ್ ಕ್ರಷ್ ಲೋಡ್’. ಅಂದ್ರೆ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಂತಿರೋದು.

ಇದಕ್ಕೆಲ್ಲ ಕನ್ನಡದಲ್ಲಿ ಮಾತಿಗೆ ಬಡತನವೇ? ಸೇರಿ ನಿಂತರೆ ಗುಂಪು, ಗಿಜಿಗುಡ್ತಿದ್ದರೆ ಜಂಗುಳಿ, ಮೈಮೇಲೆ ಬಿದ್ದರೆ ನೂಕುನುಗ್ಗಲು, ಕೈಗೆ ಕಲ್ಲು ಬಂದರೆ ದೊಂಬಿ. ಬೆಳಗಾವಿ ಕಡೆಯವರಿಗೆ ಗರ್ದಿ ಅನ್ನೋದು ಮರಾಠಿಯವರಿಗಿರೋಷ್ಟೇ ಸ್ವಂತ. ಮನೆಯಲ್ಲಿ ಇವನ್ನ ಕೇಳಿ ಬೆಳೆದ ಮಗುವಿಗೆ ಥ್ರಾಂಗ್ ಅಂದ್ರೆ ಜಂಗುಳಿ, ಮಾಬ್ ಅಂದ್ರೆ ದೊಂಬಿಗಿಳಿದ ಗುಂಪು ಅಂದರೆ ಸಾಕು, ಮರೆಯೋದಿಲ್ಲ.

ಪದ ತಪ್ಪಿದರೆ ಏನು ಮಹಾ ಅನ್ನೋರು 2017ರ ಸೆಪ್ಟೆಂಬರ್ 29ನ್ನ ನೆನಪಿಸಿಕೊಳ್ಳಬೇಕು. ದಸರೆಯ ಹಿಂದಿನ ದಿನ. ಈಗ ಪ್ರಭಾದೇವಿ ಅಂತ ಹೆಸರು ಬದಲಾಗಿರೋ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆ ಮೆಟ್ಟಿಲ ಮೇಲೆ, ಮಳೆ ಸುರೀತಿದ್ದಾಗ, 23 ಜನ ಸತ್ತರು. ಯಾರೋ ‘ಫೂಲ್ ಗಿರ್ ಗಯಾ’ ಅಂತ ಕೂಗಿದ್ದು ‘ಪುಲ್ ಗಿರ್ ಗಯಾ’ ಅಂತ ಕೇಳಿಸ್ತು ಅಂತ ಬದುಕುಳಿದವರೊಬ್ಬರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಬಿದ್ದದ್ದು ಹೂವು, ಜನ ಕೇಳಿಸಿಕೊಂಡದ್ದು ಸೇತುವೆ!

ಮಾರನೇ ದಿನ ಪತ್ರಿಕೆಗಳಲ್ಲೆಲ್ಲ ಸ್ಟಾಂಪೀಡ್. ಸ್ಪ್ಯಾನಿಷ್‌ನಿಂದ ಅಮೆರಿಕದ ದನಗಾಹಿಗಳ ಬಾಯಿಗೆ ಬಂದ ಮಾತು ಅದು, ಬೆದರಿದ ದನಗಳು ದಿಕ್ಕಾಪಾಲಾಗಿ ಓಡೋದಕ್ಕೆ ಹೇಳೋದು. ಆ ಮೆಟ್ಟಿಲ ಮೇಲೆ ಓಡೋಕೆ ಜಾಗ ಎಲ್ಲಿತ್ತು ಸ್ವಾಮಿ? ಇಂಥ ಕಡೆ ಬಹಳಷ್ಟು ಜನ ಸಾಯೋದು ಎದೆ ಅದುಮಿ ಉಸಿರು ಕಟ್ಟಿ, ಕೆಲವರು ನಿಂತಲ್ಲೇ. ಅದಕ್ಕೆ ಸರಿಯಾದ ಮಾತು ಕ್ರಷ್. ಸ್ಟಾಂಪೀಡ್ ಅಂದಾಗ ತಪ್ಪೆಲ್ಲ ಜನರದ್ದು. ಕ್ರಷ್ ಅಂದರೆ ಮೆಟ್ಟಿಲು ಎಷ್ಟು ಅಗಲ ಇತ್ತು, ಯಾರು ಅಗಲ ಮಾಡಿಸಬೇಕಿತ್ತು ಅನ್ನೋ ಪ್ರಶ್ನೆ ತಾನಾಗಿ ಬರುತ್ತೆ.

ನಮ್ಮ ‘ಕಾಲ್ತುಳಿತ’ವೂ ಅಷ್ಟೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತಾಗ ಕನ್ನಡ ಪತ್ರಿಕೆಗಳು ಬರೆದದ್ದು ಅದನ್ನೇ. ಗೇಟಿನ ತಪ್ಪನ್ನ ಕಾಲಿನ ಮೇಲೆ ಹೊರಿಸೋ ಮಾತು ಅದು. ಆದರೆ ಕ್ರಷ್‌ಗೆ ಸರಿಸಾಟಿಯಾದ ಕನ್ನಡ ಪದ ನನಗಿನ್ನೂ ಹೊಳೆದಿಲ್ಲ. ಜಾತ್ರೆ, ತೇರುಗಳ ನಾಡು ನಮ್ಮದು. ತೇರಿನ ಹಗ್ಗ ಹಿಡಿಯೋರ ಬಾಯಲ್ಲಿ ಇದಕ್ಕೊಂದು ಮಾತು ಇದ್ದರೂ ಇರಬಹುದು. ಗೊತ್ತಿದ್ದೋರು ತಿಳಿಸಿ.